ನೆರೆಯ ಧರ್ಮಗಳು, ನಮ್ಮ ಆಚರಣೆ

(ಹೆಗ್ಗಡದೇವನಕೋಟೆಯಲ್ಲಿ ನೀಡಿದ ಉಪನ್ಯಾಸ)



ಜಗತ್ತಿನ ಧರ್ಮಗಳನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಪಕ್ಕದ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿ ಜೈನರ ಅಹಿಂಸೆ, ಅಪರಿಗ್ರಹಗಳನ್ನು ನೆನಪಿಸುತ್ತದೆ. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರು ಬುದ್ಧನ ಅನುಯಾಯಿಗಳು. ದುಃಖಕ್ಕೆ ಆಸೆಯೇ ಮೂಲ, ಅಷ್ಟಾಂಗ ಮಾರ್ಗವೇ ಮದ್ದು ಎಂಬುದು ಅವರ ನಂಬಿಕೆ. ಕ್ರೈಸ್ತರಿಗೆ ನೆರೆಯವರ ಮೇಲಿನ ಪ್ರೀತಿ, ಕ್ಷಮೆ ಮುಖ್ಯ. ಸಿಖ್ಖರಿಗೆ ನಾಮಜಪ, ದುಡಿಮೆ, ಹಂಚಿ ಉಣ್ಣುವುದು. ಇಸ್ಲಾಮಿನಲ್ಲಿ ಐದು ಕರ್ತವ್ಯಗಳು: ಏಕದೇವನಲ್ಲಿ ನಂಬಿಕೆ, ದಿನಕ್ಕೆ 5 ಹೊತ್ತು ನಮಾಜು, ರಂಜಾನ್ ಉಪವಾಸ, ಉಳಿತಾಯದಲ್ಲಿ ಶೇ. 2.5ರಷ್ಟು ಜಕಾತ್, ಶಕ್ತರಿಗೆ ಹಜ್.

ನಾನು ಸೇವೆಯಲ್ಲಿದ್ದಾಗ ಕಾಲುವೆ ಕೆಲಸದ ಗಾರೆ ಮೇಸ್ತ್ರಿಯೊಬ್ಬರು ಸುಡುಬಿಸಿಲಲ್ಲೂ ರೋಜಾ ಬಿಡುತ್ತಿರಲಿಲ್ಲ. ಒಮ್ಮೆ ಕೇಳಿದರು: "ನಿಮ್ಮಲ್ಲಿ ದಿನಾ ಏನು ಮಾಡ್ತೀರಿ ಸಾರ್?" ಇಷ್ಟಲಿಂಗ ಪೂಜೆ, ಕಾಯಕ, ದಾಸೋಹ ಎಂದೆ. ಹಾಗೆನ್ನುವಾಗ ನನ್ನ ಲಿಂಗ ಮನೆಯ ಬೀರುವಿನಲ್ಲಿತ್ತು. ನಾಚಿಕೆಯಾಯಿತು. ಅಂದು ರಾತ್ರಿ ತೆಗೆದು ಕಟ್ಟಿಕೊಂಡವನು ಇಂದಿಗೂ ಬಿಟ್ಟಿಲ್ಲ.

2018ರಲ್ಲಿ ರಾಜ್ಯ ಸರ್ಕಾರ ನಮ್ಮ ಧರ್ಮದ ಮಾನ್ಯತೆಗೆ ಕೇಂದ್ರಕ್ಕೆ ಶಿಫಾರಸು ಮಾಡಿತು. ಮಾನ್ಯತೆಯನ್ನು ಕೇಳೋಣ, ಬಿಡುವುದು ಬೇಡ. ಆದರೆ ಮಕ್ಕಳು ಕೇಳಿದಾಗ ತೋರಿಸಲು ನಮ್ಮ ಎದೆಯ ಮೇಲೆ ಲಿಂಗವಿರಲಿ.