ಮನೆಯ ಮುಂದಣ ಹಸುರು ಬೇಲಿ



೧೮೦೯ರಲ್ಲಿ ಹಲಸೂರಿನ ಬಳಿ ದಂಡು ನೆಲೆಯೂರಿದ ಮೇಲೆ ಎದ್ದ ಬಂಗಲೆಗಳಿಗೆ ವಿಶಾಲವಾದ ಆವರಣಗಳಿದ್ದುವು. ಬೇಲಿಯ ಗಿಡ ನಾಲ್ಕಡಿ ಹರಡಿದರೂ ಕೇಳುವವರಿರಲಿಲ್ಲ. ೧೮೯೮ರ ಪ್ಲೇಗಿನ ತರುವಾಯ ಫ್ರೇಜರ್ ಟೌನಿನಂತಹ ಬಡಾವಣೆಗಳು ಹುಟ್ಟಿದುವು. ಬಹುಕಾಲದ ಮೇಲೆ ಇಂದಿರಾನಗರವೂ ಬಂದಿತು. ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನದಲ್ಲಿ ಮನೆ ಕಟ್ಟಿದವರಿಗೆ ಇಂದು ಮುಂಬದಿಯಲ್ಲಿ ಉಳಿಯುವುದು ಕೆಲವೇ ಅಡಿಗಳ ಮಣ್ಣು. ಅಲ್ಲಿ ವರ್ಷವಿಡೀ ಹಸುರಾಗಿರುವ ಬೇಲಿಗೆ ಯಾವ ಗಿಡ ತಕ್ಕುದು?

ನಾವು ಸಾಮಾನ್ಯವಾಗಿ ನರ್ಸರಿಯಲ್ಲಿ ಚೆಲುವಾಗಿ ಕಂಡ ಸಸಿಯನ್ನು ಕೊಂಡು ತರುತ್ತೇವೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಬೆಳೆದಾಗ ಇದರ ಅಗಲವೆಷ್ಟು? ಬೇಸಗೆಯಲ್ಲಿ ಇದಕ್ಕೆ ಬೇಕಾದ ನೀರೆಷ್ಟು? ಇದರ ಬೀಜ ಎಲ್ಲಿಗೆ ಹೋಗುತ್ತದೆ?

ಮೂರನೆಯ ಪ್ರಶ್ನೆ ವಿನೋದಕ್ಕಾಗಿ ಅಲ್ಲ. ಅಮೆರಿಕದ ಉಷ್ಣಪ್ರದೇಶದ ಲಂಟಾನವನ್ನು ೧೯ನೆಯ ಶತಮಾನದ ಆದಿಯಲ್ಲಿ ಹೂವಿನ ಚೆಲುವಿಗಾಗಿ ನಮ್ಮ ದೇಶಕ್ಕೆ ತಂದರು, ಬೇಲಿಗೂ ನೆಟ್ಟರು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಚೆಲ್ಲಿದುವು. ಇಂದು ಬಂಡೀಪುರದ ಕಾಡಿನಲ್ಲಿ ಅದು ಹುಲ್ಲನ್ನು ಅಡಗಿಸಿ ಜಿಂಕೆಯ ಮೇವನ್ನು ಕಸಿಯುತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ದಾಸವಾಳ ಸುಂದರ, ಆದರೆ ಕಿರಿದಾದ ಜಾಗಕ್ಕೆಂದು ಸವರುತ್ತ ಬಂದರೆ ಮೊಗ್ಗೆಲ್ಲ ಕತ್ತರಿಯ ಪಾಲು. ಕಣಗಿಲೆಯ ಸರ್ವಾಂಗವೂ ವಿಷ. ದುರಾಂಟದ ಹೊನ್ನಿನ ಬಣ್ಣದ ಹಣ್ಣೂ ಮಕ್ಕಳ ಬಾಯಿಗೆ ಬೀಳತಕ್ಕದ್ದಲ್ಲ. ಪರಿಮಳ ಬೇಕೆನ್ನುವವರು ಕಾಮಿನಿಯನ್ನು, ಎಂದರೆ ಕಾಡುಕರಿಬೇವನ್ನು, ನೆಡಬಹುದು. ಅದು ನಿಧಾನವಾಗಿ ಬೆಳೆದು ದಟ್ಟವಾಗುತ್ತದೆ. ಆದರೆ ಹಿತ್ತಲಲ್ಲಿ ನಿಂಬೆಯಿದ್ದರೆ ಎಚ್ಚರ ಬೇಕು. ನಿಂಬೆಗೆ ರೋಗವನ್ನು ಹೊತ್ತು ತರುವ ಒಂದು ಕೀಟ ಕಾಮಿನಿಯ ಚಿಗುರಿನಲ್ಲಿಯೂ ಬೆಳೆಯುತ್ತದೆ.

ಮೂರು ಪ್ರಶ್ನೆಗಳಿಗೂ ಸಮಾಧಾನಕರವಾದ ಉತ್ತರ ಕೊಡುವುದು ನಮ್ಮದೇ ಬಂದರಿಕೆ. ತುಮಕೂರು, ಚಿತ್ರದುರ್ಗಗಳ ಕುರುಚಲು ಗುಡ್ಡಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಹಸುರಾಗಿ ನಿಲ್ಲುವ ಗಿಡವಿದು. ಎಲೆ ಕಿರಿದು, ಅಂಟು ಸವರಿದಂತೆ ಹೊಳೆಯುತ್ತದೆ. ದನ, ಮೇಕೆಗಳು ಇದಕ್ಕೆ ಬಾಯಿಡುವುದು ಅಪೂರ್ವ. ಬೀದಿಯ ದನಗಳಿರುವ ನಗರದಲ್ಲಿ ಇದು ಸಣ್ಣ ಗುಣವಲ್ಲ. ಕತ್ತರಿಗೆ ಒಗ್ಗುವುದರಿಂದ ಎರಡಡಿ ಅಗಲದೊಳಗೆ ಹಿಡಿದಿಡಬಹುದು. ಬೀಜ ಗಾಳಿಗೆ ಹಾರಿದರೂ ಅದು ತನ್ನ ನಾಡಿನಲ್ಲಿಯೇ ಬೀಳುತ್ತದೆ.

ಬೀಜದ ಸಿಪ್ಪೆ ಗಟ್ಟಿ; ಬಿಸಿನೀರಿನಲ್ಲಿ ನೆನೆಸಿ ಬಿತ್ತಬೇಕು. ಸಸಿಗಳನ್ನು ಮುಂಗಾರಿನ ಆರಂಭದಲ್ಲಿ ಒಂದೂವರೆ ಅಡಿಗೊಂದರಂತೆ, ಗೋಡೆಯಿಂದಲೂ ಬೀದಿಯಿಂದಲೂ ಒಂದೊಂದಡಿ ಬಿಟ್ಟು ನೆಡತಕ್ಕದ್ದು. ಮೊದಲ ವರ್ಷ ನೀರು ಬೇಕು. ಎತ್ತರಕ್ಕೆ ಆತುರಪಡದೆ ಆಗಾಗ ತುದಿಯನ್ನು ಚಿವುಟಿದರೆ ಬುಡದಿಂದಲೇ ಕೊಂಬೆಯೊಡೆಯುತ್ತದೆ. ಸವರುವಾಗ ಬುಡ ಅಗಲವಾಗಿಯೂ ತಲೆ ಕಿರಿದಾಗಿಯೂ ಇರಲಿ. ಕೆಳಗಿನ ಎಲೆಗೆ ಬಿಸಿಲು ಮುಟ್ಟದಿದ್ದರೆ ಬೇಲಿ ಬುಡದಲ್ಲಿ ಬರಿದಾಗುತ್ತದೆ.

ಬೇಲಿ ನಮ್ಮ ಮನೆಯ ಅಂಚು ಮಾತ್ರವಲ್ಲ, ಬೀದಿಯ ಅಂಚೂ ಹೌದು. ನಮಗೆ ಮರೆಯಾಗಿ, ನೆರೆಯವರಿಗೆ ಹೊರೆಯಾಗದ ಗಿಡವೇ ಉತ್ತಮವಾದ ಬೇಲಿಯೆಂದು ತಿಳಿಯೋಣ.