ಮುಖಪುಟದ ಹೊಣೆ: ಲೇಖಕರೇ ಪ್ರಕಾಶಕರಾದಾಗ

ಲೇಖಕರೇ ಹಣ ಹಾಕಿ, ಲೇಖಕರೇ ಅಚ್ಚು ಹಾಕಿಸಿ, ಲೇಖಕರೇ ಮಾರುವ ಪುಸ್ತಕ ಕನ್ನಡಕ್ಕೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕುವೆಂಪು ಅವರ ಅನೇಕ ಕೃತಿಗಳು ಅವರ ಮೈಸೂರಿನ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಬಂದವು. ಶಿವರಾಮ ಕಾರಂತರಿಗೆ ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯವಿತ್ತು, ತೇಜಸ್ವಿಯವರಿಗೆ ಪುಸ್ತಕ ಪ್ರಕಾಶನವಿತ್ತು. ಆದ್ದರಿಂದ ಸ್ವಯಂಪ್ರಕಟಣೆ ಎಂದರೆ ಬೇರೆಲ್ಲೂ ಸಲ್ಲದ್ದು ಎಂಬ ಭಾವನೆಗೆ ಈ ನಾಡಿನ ಚರಿತ್ರೆಯಲ್ಲಿ ಆಧಾರವಿಲ್ಲ.

ಆದರೆ ಈ ಹಿರಿಯರ ಉದಾಹರಣೆಯಿಂದ ಇಂದಿನ ಹೊಸ ಲೇಖಕರು ಧೈರ್ಯ ತಂದುಕೊಳ್ಳಬಹುದೇ ಹೊರತು ಮುಖಪುಟದ ಬಗ್ಗೆ ಪಾಠ ಕಲಿಯಲಾಗದು. ಕಾರಂತರ ಪುಸ್ತಕಕ್ಕೆ ಕಾರಂತರ ಹೆಸರೇ ಸಾಕಿತ್ತು. ಅದು ಕಂದು ಕಾಗದದಲ್ಲಿ ಸುತ್ತಿ ಬಂದಿದ್ದರೂ ಓದುಗರು ಕೊಳ್ಳುತ್ತಿದ್ದರು. ಗಳಗನಾಥರ ಪುಸ್ತಕದ ಪಕ್ಕದಲ್ಲಿ ಸ್ವತಃ ಗಳಗನಾಥರೇ ನಿಂತಿರುತ್ತಿದ್ದರು. ಧಾರವಾಡದ ಮನೋಹರ ಗ್ರಂಥಮಾಲೆ, ಹೆಗ್ಗೋಡಿನ ಅಕ್ಷರ ಪ್ರಕಾಶನದಂಥ ಸಂಸ್ಥೆಗಳ ಹೆಸರು ಪುಸ್ತಕದ ಬೆನ್ನಿನ ಮೇಲೆ ಕಂಡರೆ, ಬರೆದವರು ಯಾರೆಂದು ತಿಳಿಯದಿದ್ದರೂ ಯಾರೋ ಬಲ್ಲವರು ಇದನ್ನು ಓದಿ, ತಿದ್ದಿ, ಒಪ್ಪಿದ್ದಾರೆ ಎಂಬ ಭರವಸೆ ಮೂಡುತ್ತದೆ. ತಾಯಿಯ ಹೆಸರಿನಲ್ಲೋ ಮನೆಯ ಹೆಸರಿನಲ್ಲೋ ಹುಟ್ಟಿಕೊಂಡು, ಒಂದೇ ಪುಸ್ತಕ ತಂದ ಪ್ರಕಾಶನಕ್ಕೆ ಈ ಜಾಮೀನು ಇಲ್ಲ. ಲೇಖಕರ ಹೆಸರೂ ಗೊತ್ತಿಲ್ಲ, ಪ್ರಕಾಶನದ ಹೆಸರೂ ಗೊತ್ತಿಲ್ಲ. ಕೈಗೆತ್ತಿಕೊಳ್ಳುವವರ ಮುಂದೆ ಉಳಿಯುವುದು ಮುಖಪುಟ ಮಾತ್ರ. ಒಳಗೆ ಎಷ್ಟು ಶ್ರದ್ಧೆ ಇದೆ ಎಂಬುದನ್ನು ಅವರು ಹೊರಗಿನ ಶ್ರದ್ಧೆಯಿಂದಲೇ ಅಳೆಯುತ್ತಾರೆ. ಈ ಅಳತೆ ಎಷ್ಟೋ ಸಲ ತಪ್ಪುತ್ತದೆ. ಆದರೂ ಓದುಗರ ಹತ್ತಿರ ಬೇರೆ ಅಳತೆಗೋಲಿಲ್ಲ.

ಹೊದಿಕೆಗೆ ಈ ಕೆಲಸ ಬಂದದ್ದು ತಡವಾಗಿ. ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿರುವ ‘ರಕ್ಷಾಪುಟ’ ಎಂಬ ಮಾತೇ ಅದರ ಮೊದಲ ಉದ್ದೇಶವನ್ನು ಹೇಳುತ್ತದೆ: ಧೂಳು, ಕೈಮಸಿಗಳಿಂದ ಕಾಪಾಡುವುದು. ಯೂರೋಪಿನಲ್ಲೂ 19ನೇ ಶತಮಾನದ ಕಾಗದದ ಹೊದಿಕೆಗಳನ್ನು ಕೊಂಡವರು ಬಿಚ್ಚಿ ಎಸೆಯುತ್ತಿದ್ದರು. ಅದು ಮಾರಾಟದ ಮುಖವೂ ಹೌದು ಎಂಬುದು ವ್ಯಾಪಕವಾಗಿ ಮನವರಿಕೆಯಾದದ್ದು 20ನೇ ಶತಮಾನದಲ್ಲಿ.

ಸ್ವಯಂಪ್ರಕಟಣೆ ಮತ್ತು ಮುಖಪುಟ ಎರಡೂ ಕೂಡುವ ಒಂದು ಪ್ರಸಂಗ ಇಂಗ್ಲಿಷ್ ಸಾಹಿತ್ಯದಲ್ಲಿದೆ. ವರ್ಜೀನಿಯಾ ವುಲ್ಫ್ ಅವರ ಮೊದಲೆರಡು ಕಾದಂಬರಿಗಳನ್ನು ಪ್ರಕಟಿಸಿದ್ದು ಅವರ ಮಲಸೋದರನ ಸಂಸ್ಥೆ. 1917ರಲ್ಲಿ ವರ್ಜೀನಿಯಾ ಮತ್ತು ಪತಿ ಲಿಯೊನಾರ್ಡ್ ಒಂದು ಚಿಕ್ಕ ಕೈಯಂತ್ರ ಕೊಂಡು, ರಿಚ್ಮಂಡ್‌ನ ತಮ್ಮ ಮನೆಯಲ್ಲೇ ಮೊಳೆ ಜೋಡಿಸುವುದನ್ನು ಕಲಿತರು. ಮನೆಯ ಹೆಸರು ಹೋಗರ್ತ್ ಹೌಸ್. ಪ್ರಕಾಶನ ಹೋಗರ್ತ್ ಪ್ರೆಸ್. ಮೊದಲ ಪ್ರಕಟಣೆಯಾದ ‘ಟೂ ಸ್ಟೋರೀಸ್’ನಲ್ಲಿ ಗಂಡ ಹೆಂಡತಿಯ ಒಂದೊಂದು ಕಥೆ ಇದ್ದವು, ಜೊತೆಗೆ ಡೋರಾ ಕ್ಯಾರಿಂಗ್ಟನ್ ಕೊರೆದ ಮರದಚ್ಚಿನ ಚಿತ್ರಗಳು. 1922ರಲ್ಲಿ ‘ಜೇಕಬ್ಸ್ ರೂಮ್’ ಕಾದಂಬರಿ ಇದೇ ಪ್ರಕಾಶನದ ಹೆಸರಿನಲ್ಲಿ ಹೊರಬಂತು. ಅದರ ಹೊದಿಕೆ ಬರೆದವರು ವರ್ಜೀನಿಯಾರ ಅಕ್ಕ, ಚಿತ್ರಕಲಾವಿದೆ ವನೆಸ್ಸಾ ಬೆಲ್. ಪುಸ್ತಕದ ಅಂಗಡಿಯವರಿಗೆ ಅದು ಹಿಡಿಸಲಿಲ್ಲ. ಚಿತ್ರದಲ್ಲಿ ಸುಂದರಿಯೂ ಇರಲಿಲ್ಲ, ಜೇಕಬ್ಬನೂ ಇರಲಿಲ್ಲ, ಅವನ ಕೋಣೆಯೂ ಇರಲಿಲ್ಲ ಎಂದು ಲಿಯೊನಾರ್ಡ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಇಬ್ಬರೂ ಹಟ ಬಿಡಲಿಲ್ಲ. ‘ಮಿಸೆಸ್ ಡಾಲೊವೆ’ (1925), ‘ಟು ದಿ ಲೈಟ್‌ಹೌಸ್’ (1927), ‘ದಿ ವೇವ್ಸ್’ (1931) ಇವಕ್ಕೂ ವನೆಸ್ಸಾ ಅವರದೇ ಹೊದಿಕೆ, ಕೈಯಲ್ಲಿ ಬರೆದ ಅವರದೇ ಅಕ್ಷರ. ಕೆಲವೇ ವರ್ಷಗಳಲ್ಲಿ ಆ ಕುಂಚದ ಗುರುತು ವುಲ್ಫ್ ಅವರ ಕಾದಂಬರಿಯ ಗುರುತೇ ಆಯಿತು. ಮುಖಪುಟ ಕಥೆಯನ್ನು ಚಿತ್ರಿಸಿ ತೋರಿಸಬೇಕಿಲ್ಲ, ಅದರ ಗಾಳಿ ಎಂಥದ್ದೆಂದು ತಿಳಿಸಿದರೆ ಸಾಕು ಎಂಬುದಕ್ಕೆ ಈ ನಾಲ್ಕು ಹೊದಿಕೆಗಳು ಸಾಕ್ಷಿ. ಒಳ್ಳೆಯ ಮುಖಪುಟವನ್ನು ಅಂಗಡಿಯವರು ಮೊದಲ ನೋಟಕ್ಕೇ ಮೆಚ್ಚುತ್ತಾರೆಂಬ ಖಾತರಿ ಇಲ್ಲ ಎಂಬುದಕ್ಕೂ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ವಸುಧೇಂದ್ರ ಅವರ ಛಂದ ಪುಸ್ತಕ. ತಮ್ಮ ಕೃತಿಗಳನ್ನೂ ಹೊಸಬರ ಮೊದಲ ಪುಸ್ತಕಗಳನ್ನೂ ಪ್ರಕಟಿಸಿದ ಈ ಪ್ರಕಾಶನಕ್ಕೆ ಅನೇಕ ಮುಖಪುಟಗಳನ್ನು ಮಾಡಿದವರು ‘ಅಪಾರ’ ಎಂಬ ಹೆಸರಿನ ವಿನ್ಯಾಸಕ. ಲೇಖಕರ ಹೆಸರು ಓದುವ ಮೊದಲೇ ಇದು ಅಲ್ಲಿಯ ಪುಸ್ತಕವೆಂದು ಹೇಳಬಹುದಾದ ಸ್ಥಿತಿ ಅದರಿಂದ ಬಂತು. ಪ್ರಕಾಶನದ ಹೆಸರು ಮುಖಪುಟಕ್ಕೆ ಜಾಮೀನು ನಿಲ್ಲುವ ಬದಲು ಇಲ್ಲಿ ಮುಖಪುಟವೇ ಪ್ರಕಾಶನಕ್ಕೆ ಹೆಸರು ತಂದಿತು.

ಹಾಗಿದ್ದೂ ಸ್ವಂತ ಪ್ರಕಟಣೆಗಳಲ್ಲಿ ಮುಖಪುಟದ ಅಲಕ್ಷ್ಯ ಏಕೆ ಉಳಿದಿದೆ ಎಂಬುದಕ್ಕೆ ಹಣದ ಕೊರತೆ ಪೂರ್ತಿ ಉತ್ತರವಲ್ಲ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಬ್ಲಾಕು, ಯಂತ್ರದಲ್ಲಿ ಬೇರೆ ಓಟ. ಎರಡು ಬಣ್ಣ ದಾಟಿದರೆ ಖರ್ಚು ಏರುತ್ತಿತ್ತು. ಆ ಬಡತನದಿಂದಲೇ ಎಷ್ಟೋ ಸೊಗಸಾದ ಎರಡು ಬಣ್ಣದ ಮುಖಪುಟಗಳು ಹುಟ್ಟಿದವು. ಈಗ ನೂರೇ ಪ್ರತಿ ಹಾಕಿಸಿದರೂ ಬಣ್ಣಕ್ಕೆ ಬರವಿಲ್ಲ. ಬರ ಇರುವುದು ಬೇಡದ್ದನ್ನು ಬಿಡುವ ಮನಸ್ಸಿಗೆ. ಇನ್ನೊಂದು ಕಾರಣ ಮಾರುಕಟ್ಟೆಯದು. ಗ್ರಂಥಾಲಯಗಳ ಸಗಟು ಖರೀದಿಯನ್ನೇ ನಂಬಿದ ಪುಸ್ತಕಕ್ಕೆ ಬೆಲೆ ಸಿಗುವುದು ಪುಟದ ಲೆಕ್ಕದಲ್ಲಿ. ಮುಖಪುಟ ಚೆನ್ನಾಗಿದೆಯೆಂದು ಯಾರೂ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ. ಓದುಗರೇ ಕೊಳ್ಳಬೇಕಾದ ಪುಸ್ತಕಕ್ಕೂ ಅದೇ ರೂಢಿ ಅಂಟಿಕೊಂಡಿತು.

ಇವೆರಡಕ್ಕಿಂತ ದೊಡ್ಡ ಕಾರಣ, ಸ್ವಯಂಪ್ರಕಟಣೆಯಲ್ಲಿ ಬೇಡ ಎನ್ನುವವರು ಇಲ್ಲದಿರುವುದು. ಪ್ರಕಾಶನ ಸಂಸ್ಥೆಯಲ್ಲಿ ಲೇಖಕರ ಆಸೆಗೂ ಮುಖಪುಟಕ್ಕೂ ನಡುವೆ ಸಂಪಾದಕರಿರುತ್ತಾರೆ. ಇಲ್ಲಿ ಹಣ ಕೊಡುವವರೂ ಒಪ್ಪಿಗೆ ಕೊಡುವವರೂ ಒಬ್ಬರೇ, ಅವರಿಗೆ ಪುಸ್ತಕದ ಪ್ರತಿ ಅಧ್ಯಾಯದ ಮೇಲೂ ಮಮತೆ. ಕಾದಂಬರಿಯಲ್ಲಿ ಹಳ್ಳಿ, ರೈಲು, ಅಜ್ಜಿ, ಪ್ರೇಮ ನಾಲ್ಕೂ ಇದ್ದರೆ ನಾಲ್ಕೂ ಮುಖಪುಟಕ್ಕೆ ಬರುತ್ತವೆ. ಮೇಲೆ ಮುಳುಗುವ ಸೂರ್ಯ, ಕೆಳಗೆ ಒಂದು ಪೆನ್ನು. ಹೆಸರಿನ ಮುಂದೆ ಪದವಿ, ಬಿರುದು. ಹಿಂಬದಿಯಲ್ಲಿ ಬೆನ್ನುಡಿಗಿಂತ ದೊಡ್ಡದಾಗಿ ಲೇಖಕರ ಭಾವಚಿತ್ರ. ಹೊಸ ಓದುಗರಿಗೆ ಇವುಗಳಲ್ಲಿ ಒಂದೂ ಮೊದಲು ಕಾಣುವುದಿಲ್ಲ, ಏಕೆಂದರೆ ಎಲ್ಲವೂ ಒಟ್ಟಿಗೆ ಕಾಣುತ್ತವೆ.

ಕನ್ನಡದ ಮುಖಪುಟಕ್ಕೆ ಚಿತ್ರಕ್ಕಿಂತ ಕಷ್ಟದ್ದು ಅಕ್ಷರ. ಕನ್ನಡದ ಸಾಲು ಮೂರು ಅಂತಸ್ತಿನದು: ನಡುವೆ ಮೂಲಾಕ್ಷರ, ಮೇಲೆ ತಲೆಕಟ್ಟು ಮತ್ತು ಗುಡಿಸು, ಕೆಳಗೆ ಒತ್ತು. ಇಂಗ್ಲಿಷ್ ಶೀರ್ಷಿಕೆಗೆ ಹೊಂದುವ ಸಾಲಿನ ಅಂತರವನ್ನೇ ಇದಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಯುನಿಕೋಡ್ ಅಕ್ಷರಗಳನ್ನು ಸರಿಯಾಗಿ ಕೂಡಿಸಲು ಬಾರದ ತಂತ್ರಾಂಶದಲ್ಲಿ ಶೀರ್ಷಿಕೆ ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗಿ, ಅರ್ಕಾವೊತ್ತು ತಪ್ಪು ಜಾಗದಲ್ಲಿ ಕೂತು, ಪುಸ್ತಕದ ಹೆಸರೇ ತಪ್ಪಾಗಿ ಅಚ್ಚಾಗುತ್ತದೆ. ಬರಹ, ನುಡಿ ತಂತ್ರಾಂಶಗಳು ಕನ್ನಡದ ಮುದ್ರಣಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಒಳಪುಟದ ಓದಿಗೆ ಒದಗುವ ಅಕ್ಷರವನ್ನೇ ಹಿಗ್ಗಿಸಿ, ನೆರಳು ಕೊಟ್ಟು, ಅಂಚು ಕಟ್ಟಿ ಮುಖಪುಟಕ್ಕೆ ಏರಿಸಿದಾಗ ಕಾದಂಬರಿಗೂ ಮದುವೆ ಕರೆಯೋಲೆಗೂ ವ್ಯತ್ಯಾಸ ಉಳಿಯುವುದಿಲ್ಲ. ಕೋಲ್ಕತ್ತದಲ್ಲಿ ಸತ್ಯಜಿತ್ ರೇ ಸಿನಿಮಾಕ್ಕೆ ಬರುವ ಮುನ್ನ ಸಿಗ್ನೆಟ್ ಪ್ರೆಸ್‌ನ ಪುಸ್ತಕಗಳಿಗೆ ಮುಖಪುಟ ಮಾಡುತ್ತಿದ್ದರು. ಬಂಗಾಳಿ ಲಿಪಿಯನ್ನು ಪುಸ್ತಕದ ಸ್ವಭಾವಕ್ಕೆ ತಕ್ಕಂತೆ ಕುಂಚದಿಂದಲೋ ಲೇಖನಿಯಿಂದಲೋ ಹೊಸದಾಗಿ ಬರೆದು, ಅಕ್ಷರವನ್ನೇ ಚಿತ್ರವಾಗಿಸಿದರು. ದುಂಡು ತಿರುವುಗಳ ಕನ್ನಡ ಲಿಪಿಗೂ ಈ ದಾರಿ ಚೆನ್ನಾಗಿ ಒಗ್ಗುತ್ತದೆ. ಚಿತ್ರಕ್ಕೆ ಹಣವಿಲ್ಲದ ಲೇಖಕರು ಒಳ್ಳೆಯ ಕೈಬರಹದ ಶೀರ್ಷಿಕೆ, ಒಂದು ಹದವಾದ ಬಣ್ಣ ಇಷ್ಟರಲ್ಲೇ ಮುಗಿಸಿದರೆ ನಷ್ಟವೇನಿಲ್ಲ.

ಮುಖಪುಟವನ್ನು ನೋಡುವ ದೂರವೂ ಲೆಕ್ಕಕ್ಕೆ ಬರಬೇಕು. ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಪುಸ್ತಕಗಳು ಮೇಜಿನ ಮೇಲೆ ಮಲಗಿರುತ್ತವೆ, ಜನ ನಡೆಯುತ್ತಲೇ ಕಣ್ಣಾಡಿಸುತ್ತಾರೆ. ಬಿಡುಗಡೆಯ ದಿನ ಅತಿಥಿಗಳು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದ ಪುಸ್ತಕ, ಮರುದಿನದ ಪತ್ರಿಕೆಯ ಚಿತ್ರದಲ್ಲಿ ಅಂಚೆ ಚೀಟಿಯಷ್ಟಾಗಿರುತ್ತದೆ. ಮೊಬೈಲಿನಲ್ಲಿ ಅದು ಹೆಬ್ಬೆರಳ ಉಗುರಿನಷ್ಟು. ಈ ಅಳತೆಗೆ ಕುಗ್ಗಿಸಿ ನೋಡಿದಾಗ ಶೀರ್ಷಿಕೆ ಓದಲು ಬರದಿದ್ದರೆ ವಿನ್ಯಾಸವನ್ನು ಮತ್ತೆ ಮಾಡಿಸಬೇಕು.

ಉಳಿದದ್ದು ಕಸುಬಿನ ವಿವರ. ವಿನ್ಯಾಸಕರಿಗೆ ಹಸ್ತಪ್ರತಿಯನ್ನೇ ಓದಲು ಕೊಡುವುದು ಮೇಲು. ಮುದ್ರಣದ ಹಿಂದಿನ ಸಂಜೆ ಹೆಸರು ಮಾತ್ರ ಹೇಳಿದರೆ ಸಿಗುವುದು ಅಂತರ್ಜಾಲದಿಂದ ಎತ್ತಿದ ದಾಸವಾಳ. ಹಾಗೆ ಎತ್ತಿದ ಚಿತ್ರಕ್ಕೆ ಹಕ್ಕುದಾರರು ಇರುತ್ತಾರೆ: ಭಾರತದಲ್ಲಿ ಕಲಾಕೃತಿಯ ಹಕ್ಕುಸ್ವಾಮ್ಯ ಕಲಾವಿದರ ಜೀವಿತಕಾಲ ಮತ್ತು ಆಮೇಲಿನ 60 ವರ್ಷ. ಬೆನ್ನಿನ ಅಗಲ ಪುಟಸಂಖ್ಯೆ ಖಚಿತವಾದ ಮೇಲಷ್ಟೇ ಗೊತ್ತಾಗುತ್ತದೆ. 160 ಪುಟ ಎಂದರೆ 80 ಹಾಳೆ, 70 ಜಿಎಸ್‌ಎಂ ಕಾಗದದಲ್ಲಿ ಸುಮಾರು 7–8 ಮಿಲಿಮೀಟರ್. ಕೊನೆಗಳಿಗೆಯಲ್ಲಿ ಇನ್ನೆರಡು ಮುನ್ನುಡಿ ಸೇರಿದರೆ ಬೆನ್ನಿನ ಅಕ್ಷರ ಮುಖಪುಟದ ಕಡೆಗೋ ಹಿಂಬದಿಗೋ ಜಾರುತ್ತದೆ. ಕತ್ತರಿಸುವ ಅಂಚಿಗೆ ಸುತ್ತಲೂ 3 ಮಿಲಿಮೀಟರ್ ಬಣ್ಣ ಹೆಚ್ಚಾಗಿ ಬಿಡಬೇಕು. ಗಣಕದ ಪರದೆಯ ಹೊಳೆಯುವ ನೀಲಿ, ಹಸಿರುಗಳು ಕಾಗದದ ಮೇಲೆ ಮಂಕಾಗುವುದರಿಂದ, ಒಪ್ಪಿಗೆ ಕೊಡುವ ಮುನ್ನ ಅಚ್ಚಾದ ಮಾದರಿಯನ್ನೇ ನೋಡಬೇಕು. ಐಎಸ್‌ಬಿಎನ್ ಅನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರು ತಾವೇ ಅರ್ಜಿ ಹಾಕಬಹುದು. ಅದರ ಬಾರ್‌ಕೋಡ್ ಪಟ್ಟಿಗೆ ಹಿಂಬದಿಯ ಕೆಳಮೂಲೆಯಲ್ಲಿ ಮೊದಲೇ ಜಾಗ ಬಿಟ್ಟಿರಬೇಕು.

ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟಕ್ಕೇ ಪ್ರತ್ಯೇಕ ಬಹುಮಾನವಿದೆ. ಕಲಾವಿದರ ಹೆಸರನ್ನು ಹಕ್ಕುಗಳ ಪುಟದಲ್ಲಿ ಅಚ್ಚು ಮಾಡದ ಸ್ವಂತ ಪ್ರಕಟಣೆಗಳು ಮಾತ್ರ ಇನ್ನೂ ಬರುತ್ತಲೇ ಇವೆ. ಸಂಭಾವನೆ, ಮರುಮುದ್ರಣದ ಬಳಕೆ ಎರಡನ್ನೂ ಬರಹದಲ್ಲಿ ಮೊದಲೇ ಒಪ್ಪಿಕೊಂಡು, ವಿನ್ಯಾಸದ ಮೂಲ ಕಡತವನ್ನು ಲೇಖಕರು ತಮ್ಮಲ್ಲಿ ಇಟ್ಟುಕೊಂಡಿರಬೇಕು. ಇಲ್ಲವಾದರೆ ಎರಡನೆಯ ಮುದ್ರಣದ ಹೊತ್ತಿಗೆ ಮೊದಲ ಮುದ್ರಣದ ಮಾಸಿದ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಹಾಕಬೇಕಾಗುತ್ತದೆ.