ಅರ್ತಿಲ್ಲದ ಗಾಡಿ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು ಮೋಟಾರು ಗಾಡಿಯ ಬ್ಯಾಟರಿಯನ್ನು ಕುರಿತು ಮಾತನಾಡಲು ಬಂದಿದ್ದಾನಲ್ಲ ಎಂದು ಶ್ರೋತೃಗಳಿಗೆ ಸೋಜಿಗವಾಗಬಹುದು. ನಾನು ಹೇಳಹೊರಟಿರುವುದು ಒಂದು ಅನುವಾದದ ತಪ್ಪಿನ ಸಂಗತಿ. ಆ ತಪ್ಪು ನನ್ನದು. ಅಚ್ಚಾಗಿದ್ದರೆ ಯಾರಾದರೂ ವಿಮರ್ಶಕರು ಎತ್ತಿ ಆಡುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಅದು ಅಚ್ಚಾಗಲಿಲ್ಲ, ಹೊಗೆಯಾಗಿ ಎದ್ದಿತು.

1983ರ ಮಾತು. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಕೆಲಸ ಸಿಗುವ ತನಕ ಹಾಸನದ ಕಡೆಯ ನಮ್ಮ ಊರಿನಲ್ಲಿದ್ದೆ. ಅಣ್ಣನದು ಲೇತ್ ಅಂಗಡಿ. ಇಂಗ್ಲೆಂಡಿನಲ್ಲಿ ಜನ ಮನೆಯಲ್ಲಿಯೇ ಕಾರು ಕಟ್ಟುತ್ತಾರೆಂಬ ಸುದ್ದಿ ಅವನ ತಲೆ ಹೊಕ್ಕಿತ್ತು. ಸುದ್ದಿ ಸುಳ್ಳಲ್ಲ. ಕಾಲಿನ್ ಚಾಪ್ಮನ್ ಎಂಬ ತರುಣ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಗಾಡಿಯೊಂದನ್ನು ಹಿಡಿದು ತನ್ನದೇ ಕಾರನ್ನು ರಚಿಸಿದ. 1957ರಲ್ಲಿ ಅವನ ಕಂಪನಿ ತಂದ ಲೋಟಸ್ ಸೆವೆನ್ ಕಾರನ್ನು ಬಿಡಿ ಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳಬಹುದಾಗಿತ್ತು. ಹಾಗೆ ಕೊಂಡರೆ ಪೂರ್ಣ ಕಾರಿನ ಮೇಲಿದ್ದ ಖರೀದಿ ತೆರಿಗೆ ಉಳಿಯುತ್ತಿತ್ತು. ನಮ್ಮಣ್ಣನಿಗೆ ತೆರಿಗೆಯ ಚಿಂತೆಯಿರಲಿಲ್ಲ. ಅವನ ಗಾಡಿ ತೋಟದ ದಾರಿಯನ್ನು ಬಿಟ್ಟು ರಸ್ತೆಗೆ ಇಳಿಯುವಂಥದೂ ಆಗಿರಲಿಲ್ಲ.

ಚೌಕಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡಿದ. ಅದಕ್ಕೆ ರೆಡ್ ಆಕ್ಸೈಡ್ ಬಳಿದು, ಮೇಲೆ ಎರಡು ಸಲ ಕಪ್ಪು ಬಣ್ಣ ಹೊಡೆದ. ಗುಜರಿಯಿಂದ ತಂದ ಇಂಜಿನ್ನನ್ನು, ಅದರ ನಡುಕ ಚೌಕಟ್ಟಿಗೆ ತಟ್ಟದಿರಲೆಂದು, ದಪ್ಪ ರಬ್ಬರಿನ ಮೇಲೆ ಕೂರಿಸಿದ. ಮುಂದೆ ಜಾಗವಿಲ್ಲವೆಂದು ಬ್ಯಾಟರಿ ಹಿಂದಕ್ಕೆ ಹೋಯಿತು. ಆಕ್ಸಿಲರೇಟರಿಗೆ ಸ್ಕೂಟರಿನ ಕೇಬಲ್ಲು. ಮೇಲಿನ ಮೈ ಫೈಬರ್‌ಗ್ಲಾಸಿನದು. ಈ ಬಣ್ಣ, ಈ ರಬ್ಬರು, ಈ ಕೇಬಲ್ಲು ಮೂರನ್ನೂ ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಣ್ಣನ ಓದು ಎಸ್.ಎಸ್.ಎಲ್.ಸಿ.ಗೆ ನಿಂತಿತ್ತು. ಇಂಗ್ಲಿಷಿನ ದುರಸ್ತಿ ಕೈಪಿಡಿಯೊಂದನ್ನು ತಂದು, ಅದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸವನ್ನು ನನಗೆ ಒಪ್ಪಿಸಿದ. ನಾನು ಉತ್ಸಾಹದಿಂದಲೇ ಬರೆದೆ. ಇಂಜಿನ್ನಿಗೂ ಚೌಕಟ್ಟಿಗೂ ನಡುವೆ ಅರ್ತ್ ಪಟ್ಟಿ ಇರಬೇಕೆಂದು ಅದರಲ್ಲಿತ್ತು. ನಾನು 'ಭೂಸಂಪರ್ಕ ಪಟ್ಟಿ' ಎಂದು ಬರೆದೆ. ತತ್ಸಮ ಶಬ್ದ, ಸಮಾಸ ನಿರ್ದುಷ್ಟ. ನನಗೆ ಹೆಮ್ಮೆಯೇ ಆಯಿತು.

ಅಣ್ಣ ಓದಿ ಕೇಳಿದ: "ಲೋ, ಗಾಡಿ ನಿಂತಿರೋದು ರಬ್ಬರ್ ಚಕ್ರದ ಮೇಲೆ. ಭೂಮಿಗೆ ಎಲ್ಲಿ ತಾಗುತ್ತೆ? ಇದ್ಯಾಕೆ ಬೇಕು?"

ಪ್ರಶ್ನೆ ಸರಿಯಾಗಿತ್ತು. ಗೊತ್ತಿಲ್ಲವೆಂದು ಹೇಳಬಹುದಾಗಿತ್ತು. ಎಂ.ಎ. ಮಾಡಿದವನಿಗೆ ಆ ಮಾತು ಬಾಯಿಗೆ ಬರಲಿಲ್ಲ. "ಸಿಡಿಲಿಗಿರಬಹುದು ಅಣ್ಣ" ಎಂದುಬಿಟ್ಟೆ. ಸಿಡಿಲಿನ ಪಟ್ಟಿಯನ್ನು ಮಳೆಗಾಲಕ್ಕೆ ಹಾಕಿದರಾಯಿತು ಎಂದು ಅವನೂ ಬಿಟ್ಟ.

ಗಾಡಿಯನ್ನು ಮೊದಲು ಎಬ್ಬಿಸುವ ದಿನ ಅಣ್ಣನ ಮಗಳು, ಆರು ವರ್ಷದ ಪುಟ್ಟಿ, ಚಾಲಕನ ಜಾಗದಲ್ಲಿ ಕುಳಿತಿದ್ದಳು. ಪೆಡಲು ತುಳಿಯುವ ಗೌರವ ಅವಳದು. ಅಣ್ಣ ಗುಂಡಿ ಒತ್ತಿದ. ಇಂಜಿನ್ನು ನರಳಿದಂತೆ ಸ್ವಲ್ಪ ತಿರುಗಿ ನಿಂತಿತು. ಬ್ಯಾಟರಿಯಲ್ಲಿ ಬಲವಿಲ್ಲವೆಂದುಕೊಂಡು ಇನ್ನಷ್ಟು ಹೊತ್ತು ಒತ್ತಿ ಹಿಡಿದ. ಪೆಡಲಿನ ಬಳಿ ಹೊಗೆ ಕಾಣಿಸಿತು. ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಕರಗಿ ತೊಟ್ಟಿಕ್ಕುತ್ತಿತ್ತು, ಒಳಗಿನ ತಂತಿ ಕೆಂಪಾಗಿತ್ತು. ಅದರಿಂದ ಒಂದು ಗೇಣು ಆಚೆಗೆ ಪೆಟ್ರೋಲಿನ ಕೊಳವೆ. ನಾನು ಮಗುವನ್ನು ಎಳೆದುಕೊಂಡೆ. ಅಣ್ಣ ಗುಂಡಿ ಬಿಟ್ಟು, ಪೆಟ್ರೋಲ್ ಕೊಳವೆಯ ಮೇಲೆ ಬೀಳಲಿದ್ದ ಆ ಕೇಬಲ್ಲನ್ನು ಬರಿಗೈಯಲ್ಲಿ ಕಿತ್ತು ಎಸೆದ. ಅವನ ಬಲ ಅಂಗೈಯ ಮೇಲೆ ಅಡ್ಡ ಗೆರೆಯೊಂದು ಕೊನೆಯವರೆಗೂ ಇತ್ತು.

ಸಂಜೆ ಪೇಟೆಯಿಂದ ಬ್ಯಾಟರಿ ಸಾಹೇಬರು ಬಂದರು. ಹಳೆಯ ತಲೆ, ಹೆಚ್ಚು ಮಾತಿಲ್ಲ. ಬಗ್ಗಿ ಒಂದು ಸುತ್ತು ನೋಡಿ, "ಇಂಜಿನ್‌ಗೆ ಅರ್ತೇ ಇಲ್ವಲ್ಲ ಸ್ವಾಮಿ. ಹೋದ ಕರೆಂಟು ವಾಪಸ್ ಬರೋದು ಹ್ಯಾಗೆ?" ಎಂದರು. ನನ್ನ ಕಿವಿಗೆ ಮೊದಲು 'ಅರ್ಥವೇ ಇಲ್ಲ' ಎಂದು ಕೇಳಿಸಿತು. ಅದೂ ಸರಿಯೇ.

ಅವರು ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬ್ಯಾಟರಿಯ ಧನ ಧ್ರುವದಿಂದ ಹೊರಟ ವಿದ್ಯುತ್ತು ದಪ್ಪ ತಂತಿಯಲ್ಲಿ ಸ್ಟಾರ್ಟರಿಗೆ ಹೋಗುತ್ತದೆ. ಸ್ಟಾರ್ಟರಿನ ಮೈ ಇಂಜಿನ್ನಿಗೆ ಬಿಗಿದಿರುತ್ತದೆ. ಅಲ್ಲಿಂದ ಅದು ಚೌಕಟ್ಟಿನ ಮೂಲಕ ಋಣ ಧ್ರುವಕ್ಕೆ ಮರಳಲೇಬೇಕು. ಮರಳದಿದ್ದರೆ ಹೋಗುವುದೂ ಇಲ್ಲ. ರಬ್ಬರು ಆ ದಾರಿಯನ್ನು ಮುಚ್ಚಿತ್ತು. ಉಳಿದಿದ್ದ ಲೋಹದ ಸಂಬಂಧವೆಂದರೆ ಆಕ್ಸಿಲರೇಟರಿನ ಸಣ್ಣ ಉಕ್ಕಿನ ತಂತಿ. ಹೊಳೆಯ ನೀರನ್ನೆಲ್ಲ ಬಚ್ಚಲ ತೂಬಿಗೆ ತಿರುಗಿಸಿದಂತಾಯಿತು. ಸಣ್ಣ ಕಾರಿನ ಸ್ಟಾರ್ಟರು ಕೂಡ 150ರಿಂದ 200 ಆಂಪಿಯರ್ ಎಳೆಯುತ್ತದೆ. 200 ಆಂಪಿಯರಿನ ಹಾದಿಯಲ್ಲಿ ಓಮ್‌ನ ನೂರನೆಯ ಒಂದು ಭಾಗದಷ್ಟು ತಡೆ ಇದ್ದರೂ 12 ವೋಲ್ಟಿನಲ್ಲಿ 2 ವೋಲ್ಟು ಅಲ್ಲಿಯೇ ಕಳೆದು, 400 ವಾಟಿನ ಶಾಖವಾಗುತ್ತದೆ. ಬಣ್ಣದ ಮೇಲೆ ಬಿಗಿದ ಒಂದು ಬೋಲ್ಟಿಗೆ ಅಷ್ಟು ತಡೆ ದೊಡ್ಡದಲ್ಲ.

ಹಾಗಾದರೆ ಅದಕ್ಕೆ 'ಅರ್ತ್' ಎಂಬ ಹೆಸರೇಕೆ? ಬಹಳ ಕಾಲದ ಮೇಲೆ ಹುಡುಕಿ ತಿಳಿದೆ. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್ ಎಂಬ ವಿಜ್ಞಾನಿ, ತಂತಿ ಸಮಾಚಾರಕ್ಕೆ ಎರಡು ತಂತಿ ಬೇಡ, ಒಂದು ಸಾಕು, ಮರಳುವ ದಾರಿಯಾಗಿ ನೆಲವೇ ಇದೆ ಎಂದು ಕಂಡುಕೊಂಡ. ಅಲ್ಲಿ ಭೂಮಿ ನಿಜವಾದ ಭೂಮಿ. ಕಾರಿನಲ್ಲಿ ಆ ಕೆಲಸವನ್ನು ಕಬ್ಬಿಣಕ್ಕೆ ವಹಿಸಿದರು, ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಬ್ರಿಟನ್ನಿನ ಹಲವು ಹಳೆಯ ಕಾರುಗಳಲ್ಲಿ ಧನ ಧ್ರುವವನ್ನೇ ಚೌಕಟ್ಟಿಗೆ ಸೇರಿಸುತ್ತಿದ್ದರು. ಅದಕ್ಕೂ ಅರ್ತ್ ಎಂದೇ ಹೆಸರು. ನಮ್ಮ ಗ್ಯಾರೇಜಿನವರು 'ಬಾಡಿ ಅರ್ತ್' ಎನ್ನುತ್ತಾರೆ. ವ್ಯಾಕರಣಕ್ಕೆ ಅದು ಒಗ್ಗದಿರಬಹುದು, ವಸ್ತುವಿಗೆ ಒಗ್ಗುತ್ತದೆ.

ಮರುದಿನ ಸಾಹೇಬರು ಇಂಜಿನ್ನಿನ ಮೈಯಲ್ಲಿ ಒಂದೆಡೆ, ಚೌಕಟ್ಟಿನಲ್ಲಿ ಒಂದೆಡೆ ಬಣ್ಣವನ್ನು ಬೆಳ್ಳಗಾಗುವ ತನಕ ಕೆರೆದರು. ಹೆಣೆದ ತಾಮ್ರದ ಪಟ್ಟಿಯೊಂದನ್ನು ಹಲ್ಲಿನ ವಾಷರು ಇಟ್ಟು ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸು ಸವರಿದರು. ಇಂಜಿನ್ನು ಅಲುಗುವಾಗ ಎಳೆಯದಿರಲೆಂದು ಪಟ್ಟಿಗೆ ಸ್ವಲ್ಪ ಸಡಿಲ ಬಿಟ್ಟರು. ಬ್ಯಾಟರಿಯ ಋಣ ತಂತಿಗೂ ಹೀಗೆಯೇ ಹೊಸ ಜಾಗ. ಫೈಬರ್ ಮೈಯಲ್ಲಿ ವಿದ್ಯುತ್ತು ಹರಿಯದಾದ್ದರಿಂದ ದೀಪಕ್ಕೊಂದು ಮರಳು ತಂತಿ ಬೇರೆ ಎಳೆದರು. ಕೊನೆಗೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಇಂಜಿನ್ನಿಗೂ ಹಿಡಿದು ಗುಂಡಿ ಒತ್ತಿಸಿದರು. ಅರ್ಧ ವೋಲ್ಟು ದಾಟಬಾರದಂತೆ. ಮುಳ್ಳು ಅದರೊಳಗೇ ನಿಂತಿತು. ಇಂಜಿನ್ನು ಎದ್ದಿತು. ಪುಟ್ಟಿಯನ್ನು ಅತ್ತಿಗೆ ಆ ದಿನ ಅಂಗಳಕ್ಕೇ ಬಿಟ್ಟಿರಲಿಲ್ಲ.

ಅಣ್ಣ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಸಿಡಿಲಿನ ಮಾತನ್ನು ಅವನು ಮರೆತಿದ್ದಾನೆಂದೇ ನಾನು ಬಹುಕಾಲ ಸಮಾಧಾನಪಟ್ಟುಕೊಂಡೆ, ಕೇಳಲೂ ಇಲ್ಲ. ಅವನು ತೀರಿಕೊಂಡ ಮೇಲೆ ಲೇತ್ ಅಂಗಡಿಯ ಕಪಾಟಿನಲ್ಲಿ ನನ್ನ ಅನುವಾದದ ಪುಸ್ತಕ ಸಿಕ್ಕಿತು. 'ಭೂಸಂಪರ್ಕ ಪಟ್ಟಿ' ಎಂಬುದನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ, ಮೇಲೆ ತನ್ನ ಗುಂಡಗಿನ ಅಕ್ಷರದಲ್ಲಿ 'ವಾಪಸ್ ದಾರಿ' ಎಂದು ಬರೆದಿದ್ದ. ಪಕ್ಕದಲ್ಲಿ ಚೌಕಟ್ಟಿನ ಚಿತ್ರ, ಬಣ್ಣ ಕೆರೆಯಬೇಕಾದ ಎರಡು ಜಾಗಗಳಿಗೆ ಗುರುತು.